ಆವಿಗೆ ಎಂಟು ಲೀಟರ್

ಗ್ಲೆನಿಸ್‌ಳ ಅರವತ್ತನೇ ಹುಟ್ಟುಹಬ್ಬಕ್ಕೆ ಬಿಯರ್ ಮಾಡಿಕೊಡುವ ಕೆಲಸ ಪಕ್ಕದ ಮನೆಯ ಕೀರನ್‌ನ ಪಾಲಾಗಿದೆ ಎಂಬುದು ಅವಳ ಗಂಡ ನೆವಿಲ್‌ಗೆ ಗೊತ್ತಾದದ್ದು ಕೀರನ್‌ನ ಬಾಯಿಂದಲೇ. ಅವನು ಕಾಗದ, ಪೆನ್ಸಿಲ್ ಹಿಡಿದು ನೆವಿಲ್‌ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

“ನೆವ್, ನೀರಿನ ಲೆಕ್ಕ ಒಂಚೂರು ಹೇಳಿಕೊಡಿ. ಗ್ಲೆನಿಸ್ ಕೇಳಿರೋದು, ಕೆಡಿಸಿದ್ರೆ ನನ್ನ ಸುಮ್ನೆ ಬಿಡಲ್ಲ.”

“ಏನ್ ಕೇಳಿದಾಳೆ?”

“ಹುಟ್ಟುಹಬ್ಬಕ್ಕೆ ಬಿಯರ್. ಕ್ರಿಸ್‌ಮಸ್‌ಗೆ ತಂದಿದ್ನಲ್ಲ, ಅದೇ ಬೇಕಂತೆ. ಯಾಕೆ, ನಿಮಗೆ ಹೇಳ್ಲಿಲ್ವಾ?”

“ಹೇಳಿದ್ಲು, ಹೇಳಿದ್ಲು,” ಎಂದ ನೆವಿಲ್. ಹೇಳಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವನು ಈ ಶೆಡ್ಡಿನಲ್ಲಿ ಬಿಯರ್ ಮಾಡುತ್ತಿದ್ದ. ಒಂದೇ ಹಂಡೆ, ಅದರೊಳಗೆ ಬಟ್ಟೆಚೀಲದಲ್ಲಿ ಬಾರ್ಲಿ, ನೀರೆಲ್ಲವನ್ನೂ ಮೊದಲೇ ಅಳೆದು ಒಟ್ಟಿಗೆ ಹುಯ್ಯುವುದು. ಈ ವಿಧಾನವನ್ನು ಮಿಲ್ಡ್ಯೂರಾದ ಅರ್ಧ ಊರಿಗೆ ಕಲಿಸಿದವನು ಅವನೇ. ಗ್ಲೆನಿಸ್ ಮಾತ್ರ ಪ್ರತಿ ಸಲವೂ ಒಂದು ಗುಟುಕು ಕುಡಿದು, ತಲೆಯಾಡಿಸಿ, ಲೋಟ ಕೆಳಗಿಡುತ್ತಿದ್ದಳು. ಅಂಥವಳು ಕ್ರಿಸ್‌ಮಸ್ ದಿನ, ಹೋದ ವರ್ಷವಷ್ಟೇ ಪಕ್ಕದ ಮನೆಗೆ ಬಂದ ಈ ಬಸ್ ಡ್ರೈವರ್ ತಂದ ಬಾಟಲಿಯನ್ನು ಮುಗಿಸಿ, ತಳದಲ್ಲಿ ಉಳಿದದ್ದನ್ನೂ ಬಗ್ಗಿಸಿಕೊಂಡಿದ್ದಳು. ತಿಂಗಳಾದರೂ ನೆವಿಲ್‌ನ ಹೊಟ್ಟೆಯುರಿ ಆರಿರಲಿಲ್ಲ.

“ಕೂತ್ಕೋ. ಎಷ್ಟು ಬೇಕು ಕೊನೇಗೆ?”

“ಹುದುಗು ಹಾಕೋ ಡಬ್ಬಕ್ಕೆ ಇಪ್ಪತ್ತು ಲೀಟರ್ ಇಳಿದ್ರೆ ಸಾಕು. ಬಾರ್ಲಿ ಐದು ಕೆ.ಜಿ. ಹೋದ ಸಲ ಕಣ್ಣಂದಾಜಲ್ಲೇ ಹುಯ್ದಿದ್ದೆ. ಏನೋ ಅದೃಷ್ಟ, ಚೆನ್ನಾಗ್ ಬಂತು.”

ಕಣ್ಣಂದಾಜು! ನೆವಿಲ್ ಹಲ್ಲು ಕಚ್ಚಿಕೊಂಡು ಲೆಕ್ಕಕ್ಕೆ ಕೂತ. “ಹಂಡೆ ತಳದಲ್ಲಿ ಗಸಿ ಜೊತೆ ಎರಡು ಲೀಟರ್ ನಿಲ್ಲುತ್ತೆ. ಬಾರ್ಲಿ ಮೂರು ಕುಡಿಯುತ್ತೆ, ಚೀಲ ಎಷ್ಟು ಹಿಂಡಿದ್ರೂ ಅದು ವಾಪಸ್ ಬರಲ್ಲ. ಅಲ್ಲಿಗೆ ಇಪ್ಪತ್ತೈದು.” ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. “ಇನ್ನು ಒಂದು ಗಂಟೆ ಕುದೀಬೇಕು. ಆವಿಯಾಗಿ ಹೋಗೋದನ್ನೂ ಸೇರಿಸ್ಬೇಕಲ್ಲ. ನಿನ್ನ ಹಂಡೆ ಬಾಯಿ ಎಷ್ಟಗಲ?”

ಕೀರನ್ ತೋಳು ಬಳಸಿ ತೋರಿಸಿದ. ಅಂಥ ಹಂಡೆಯಿಂದ ಗಂಟೆಗೆ ನಾಲ್ಕು ಲೀಟರ್ ಹೋಗುತ್ತದೆ. ಅದು ನೆವಿಲ್‌ಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

“ಎಂಟು,” ಎಂದ.

“ಅಷ್ಟೊಂದಾ?”

“ನಮ್ಮೂರ ಬಿಸಿಲು ಅಂದ್ರೆ ಏನಂದ್ಕೊಂಡೆ? ಬರ್ಕೋ, ಮೂವತ್ಮೂರು ಲೀಟರ್.”

ಪೆನ್ಸಿಲ್ ಓಡಿತು. “ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ, ಗುರುಗಳೇ!” ಎನ್ನುತ್ತ ಕೀರನ್ ಹೋದ.

ಶನಿವಾರ ಬೆಳಿಗ್ಗೆ ಬೇಲಿಯಾಚೆ ಹಂಡೆಗೆ ನೀರು ಬೀಳುವ ಸದ್ದು ಕೇಳಿಸಿತು. ನೆವಿಲ್‌ನ ಕೈಯಲ್ಲಿದ್ದ ಟೀ ಆರಿತು. ಹೆಂಡತಿಯ ಹುಟ್ಟುಹಬ್ಬವಲ್ಲವೇ, ಹೋಗಿ ನಾಲ್ಕು ಲೀಟರ್ ತೆಗೆಯೆಂದರೆ ಮುಗಿಯಿತು, ಲೆಕ್ಕ ತಪ್ಪಿತ್ತೆಂದರೂ ಆಯಿತು ಎಂದುಕೊಂಡು ಎದ್ದು ಬೇಲಿಯವರೆಗೆ ನಡೆದ. ಅಲ್ಲಿ ಗ್ಲೆನಿಸ್ ಅಂಗಿಯ ತೋಳು ಮೇಲೇರಿಸಿಕೊಂಡು, ಉದ್ದನೆಯ ಸೌಟು ಹಿಡಿದು ಹಂಡೆಯ ಪಕ್ಕ ನಿಂತಿದ್ದಳು. ಕೀರನ್ ಏನೋ ಹೇಳಿದ್ದಕ್ಕೆ ಜೋರಾಗಿ ನಗುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳು ನೆವಿಲ್‌ನ ಶೆಡ್ಡಿಗೆ ಕಾಲಿಟ್ಟವಳಲ್ಲ. ಅವನು ಬಂದ ದಾರಿಯಲ್ಲೇ ಹಿಂದಿರುಗಿದ.

ಮಾರ್ಚ್ ಮೊದಲ ಭಾನುವಾರ ಹಿತ್ತಲಲ್ಲಿ ಹುಟ್ಟುಹಬ್ಬದ ಊಟ. ಒಲೆಯ ಮೇಲೆ ಕುರಿಮಾಂಸ ಚುರುಗುಟ್ಟುತ್ತಿತ್ತು. ಕೀರನ್ ಎರಡು ಪೆಟ್ಟಿಗೆ ಬಾಟಲಿ ಹೊತ್ತು ಬಂದ.

“ಇಪ್ಪತ್ತು ಅಂದ್ಕೊಂಡ್ರೆ ಇಪ್ಪತ್ನಾಲ್ಕು ಲೀಟರ್ ಬಂತು ಕಣ್ರೀ! ಎಲ್ಲಾ ನೆವ್ ಕೈಗುಣ.”

ಮೊದಲ ಲೋಟ ಗ್ಲೆನಿಸ್‌ಗೆ. ಸುರಿಯುವಾಗಲೇ ನೆವಿಲ್‌ಗೆ ತಿಳಿಯಿತು. ಪೇಲವ ಬಣ್ಣ, ನೊರೆ ಎದ್ದಷ್ಟೇ ಬೇಗ ಇಳಿದುಹೋಯಿತು. ಅವನ ಮೀಸೆಯಡಿ ಒಂದು ಸಣ್ಣ ನಗು ತಯಾರಾಗಿತ್ತು.

ಗ್ಲೆನಿಸ್ ಗುಟುಕರಿಸಿದಳು. ಬಾಯಲ್ಲಿಟ್ಟುಕೊಂಡು ಯೋಚಿಸಿದಳು. ಆಮೇಲೆ ಗಂಡನ ಹೆಗಲ ಮೇಲೆ ಪ್ರೀತಿಯಿಂದಲೇ ಕೈಯಿಟ್ಟಳು.

“ಅರೆ, ಇದು ಥೇಟ್ ನಿನ್ನ ಬಿಯರೇ, ನೆವ್!”

ಅಲ್ಲ ಎನ್ನಲು ನೆವಿಲ್ ಬಾಯಿ ತೆರೆದ. ಅಲ್ಲ ಎಂದರೆ, ಆ ನಾಲ್ಕು ಲೀಟರ್ ಹೆಚ್ಚುವರಿ ನೀರು ಎಲ್ಲಿಂದ ಬಂತೆಂದು ಹೇಳಬೇಕಿತ್ತು. ಒಲೆಯ ಕಡೆ ತಿರುಗಿ ಕುರಿಮಾಂಸ ಮಗುಚಿದ.

ಕೀರನ್‌ನ ಮುಖ ಊರಗಲವಾಯಿತು. “ಕೇಳಿದ್ರಾ, ಗುರುಗಳೇ? ಅಂತೂ ಕಲಿತುಬಿಟ್ಟೆ!”