ಹಪ್ಪಳದ ಹಿಟ್ಟು ಮತ್ತು ಸಾಹುಕಾರರ ಕಾರು

ಮಕ್ಕಳೇ, ಹಪ್ಪಳದ ಹಿಟ್ಟಿನ ಇಂಗಿನ ವಾಸನೆ ಬಂದರೆ ಇಂದಿಗೂ ನನಗೆ ಕಾರಿನ ಹೊಗೆ ನೆನಪಾಗುತ್ತದೆ.

ಕೇಶ್ವಾಪುರದಲ್ಲಿ ಅಕ್ಕನ ಮದುವೆಗೆಂದು ಅವ್ವ ಮನೆ ಮುಂದೆ ಹೊರಸಿನ ಮೇಲೆ ಒಣಹಾಕಿದ್ದ ಹಪ್ಪಳವನ್ನೆಲ್ಲ ಎದುರುಮನೆಯ ಅರಳೆ ವ್ಯಾಪಾರದ ಸಾಹುಕಾರರ ಕಾರು ಹೊಗೆಯುಗುಳಿ ಕಪ್ಪು ಮಾಡಿತು. "ಹೊಗಿ ಹತ್ತಿದ್ರ ರುಚಿ ಹೆಚ್ಚಾಗತೈತಿ ಬಿಡ," ಎಂದು ನಕ್ಕು ಅವರು ಊಟಕ್ಕೆ ತಮ್ಮ ಮನೆಯೊಳಗೆ ಹೋದರು.

ಅವ್ವ ಕಾರಿನ ಬಳಿ ನಿಂತಿದ್ದ ಡ್ರೈವರನನ್ನು ಮೆಲ್ಲಗೆ ಕೇಳಿದಳು: "ಈ ಹೊಗಿ ಎಲ್ಲಿಂದ ಬರತೈತಪಾ?"

"ಇಂಜಿನ್ನಿನ ನಾಕೂ ಬಾಯಿಂದ ನಾಕು ಕೊಳವಿ ಬಂದು ಹಿಂದಿನ ಈ ಒಂದ ಕೊಳವಿಗೆ ಕೂಡತಾವ್ರಿ ಅವ್ವಾರ. ಸುಟ್ಟ ಹೊಗಿ ಹೊರಗ ಹೋದ್ರ ಮಾತ್ರ ಇಂಜಿನ್ ಹೊಸಾ ಉಸಿರು ತಗೋತೈತಿ."

ಅವನು ನೀರು ಕುಡಿಯಲು ಹೋದಾಗ ಅವ್ವ, ಹಪ್ಪಳಕ್ಕೆಂದು ಕುಟ್ಟಿ ಇಟ್ಟಿದ್ದ ಉದ್ದಿನ ಹಿಟ್ಟಿನ ಮುದ್ದೆಯನ್ನು ಕಾರಿನ ಹಿಂದಿನ ಕೊಳವೆಯೊಳಗೆ ಲಟ್ಟಣಿಗೆಯಿಂದ ಜಡಿದಳು.

ಊಟ ಮುಗಿಸಿ ಬಂದ ಸಾಹುಕಾರರ ಕಾರು ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಅವರು ಬಿಸಿಲಲ್ಲಿ ಅದನ್ನು ತಳ್ಳುವಾಗ ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ನಿಮ್ಮ ಹೊಗಿ ನಿಮ್ಮಲ್ಲೇ ಇರಲ್ರಿ ಸಾಹುಕಾರ್ರ. ರುಚಿ ಹೆಚ್ಚಾಗತೈತಿ."