ಮನೆಗೊಂದೇ ಹೆಸರು

ಹಳೆಯ ದಾಖಲೆಯಲ್ಲಿ ‘ಮಕ್ಕಳು’ ಎಂಬಲ್ಲಿ ಎಷ್ಟು ಹೆಸರಾದರೂ ಒಟ್ಟಿಗಿರುತ್ತಿದ್ದವು. ಹೊಸ ಸ್ಪ್ರೆಡ್‌ಶೀಟಿನ ಒಂದು ಮನೆಯಲ್ಲಿ, ಅಂದರೆ ಒಂದು ಚೌಕದಲ್ಲಿ, ಒಂದೇ ಹೆಸರಿಗೆ ಜಾಗ. ಅಲ್ಲಿ ಜಾಗ ಸಿಗದವರು ಹೆತ್ತವರ ನೆನಪಿನಿಂದಲೂ ಅಳಿಸಿಹೋಗುತ್ತಿದ್ದರು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಕಚೇರಿಯ ಗುಮಾಸ್ತೆ ನೀಲಗಂಗಾಗೆ ಮಾತ್ರ ಅವರು ಸಂಜೆಯವರೆಗೆ ನೆನಪಿರುತ್ತಿದ್ದರು.

ಫಕೀರವ್ವ ಹತ್ತು ವರ್ಷದ ಮಗಳ ಕೈಹಿಡಿದು ಬಂದಳು. ಪರದೆಯ ಮೇಲೆ ಎರಡು ಹೆಸರಿದ್ದವು: ಮಲ್ಲೇಶಿ, ತಿಪ್ಪವ್ವ.

“ಹೊಸದಕ್ಕ ಒಂದ ಹೆಸರಷ್ಟ ಹೋಗತೈತಿ,” ಎಂದಳು ನೀಲಗಂಗಾ. “ಮಲ್ಲೇಶಿ ಎಲ್ಲಿ ಅದಾನರೀ?”

“ಮೂರು ತಿಂಗಳ ಕೂಸಿದ್ದಾಗ ತೀರಿಕೊಂಡ್ನರೀ. ಹೆಸರು ತೆಗಸಾಕ ಮನಸ್ಸಾಗಲಿಲ್ಲ. ಈಕಿಯಾದ್ರೂ ಉಳೀಲಿ, ಕಸದ ಹೆಸರಿದ್ರ ಸಾವು ತಿರುಗಿ ನೋಡಂಗಿಲ್ಲ ಅಂತ ತಿಪ್ಪಿ ಹೆಸರಿಟ್ಟೆ.”

“ಈಗ ಒಬ್ಬರನ್ನ ಹೇಳ್ರಿ.”

ಫಕೀರವ್ವ ಮಗಳನ್ನು ಹತ್ತಿರ ಎಳೆದುಕೊಂಡಳು. “ಈಕಿನ್ನ ಬರಕೋರಿ.”

ನೀಲಗಂಗಾ ಗುಂಡಿ ಒತ್ತಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಫಕೀರವ್ವ, ಒದ್ದೆಯಾದ ಸೆರಗನ್ನು ಅಚ್ಚರಿಯಿಂದ ನೋಡಿ ಎದ್ದಳು.

ಬಾಗಿಲ ಬಳಿ ಮಗಳು ಕೇಳಿದಳು: “ಅವ್ವ, ಸಾಲ್ಯಾಗ ಎಲ್ಲಾರೂ ನನ್ನ ಹೆಸರಿಗೆ ನಗತಾರ. ಯಾಕಿಟ್ಟಿ ಇದನ್ನ?”

ನೀಲಗಂಗಾ ಮುಂದಿನ ದಾಖಲೆ ತೆರೆದಳು.

ಫಕೀರವ್ವ ನಿಂತು ಯೋಚಿಸಿದಳು. “ಯಾಕಿಟ್ಟೆನೋ ಏನೋ, ನೆನಪಿಲ್ಲವ್ವ. ಚೆಂದಂದು ಬ್ಯಾರೆ ಇಡೂಣಂತ, ಬಾ.”