ಗಾಡಿಗೆ ತಾಗಿದ ದೃಷ್ಟಿ

ಕಂಪ್ಯೂಟರ್ ಹಚ್ಚಿ ಎಂಜಿನ್ ಟ್ಯೂನ್ ಮಾಡಿಸಿದ ಮೇಲೆ ಸಿದ್ದರಾಜುವಿನ ಪಿಕಪ್ಪನ್ನು ಹಿಡಿಯುವವರೇ ಇರಲಿಲ್ಲ. "ಇದಕ್ಕೆ ದೃಷ್ಟಿ ಗಿಷ್ಟಿ ತಾಗಲ್ಲ ಕಣವ್ವ" ಎಂದು ಅವ್ವ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತೆಸೆದಿದ್ದ.

ಮರುದಿನ ಅವ್ವನನ್ನು ಕೂರಿಸಿಕೊಂಡು ಹೊರಟರೆ, ಗಾಡಿ ದಿಬ್ಬದ ನಡುವೆಯೇ ಏದುಸಿರು ಬಿಟ್ಟು ನಿಂತಿತು. ಟ್ಯೂನ್ ಮಾಡಿದವನ ವಂಶವನ್ನೆಲ್ಲ ಬೈಯುತ್ತ ಮೆಕ್ಯಾನಿಕ್ ಅನ್ವರನನ್ನು ಕರೆಸಿದ. ಅನ್ವರ್ ಡೀಸೆಲ್ ಫಿಲ್ಟರ್, ಟರ್ಬೊ ಎಲ್ಲ ನೋಡಿ, ಕೊನೆಗೆ ಎಂಜಿನ್ನಿಗೆ ಗಾಳಿ ಹೋಗುವ ಪೈಪಿನಿಂದ ಕರಿಬಟ್ಟೆಯ ಗಂಟೊಂದನ್ನು ಎಳೆದ.

ಸಿದ್ದರಾಜು ಎರಡು ಹೆಜ್ಜೆ ಹಿಂದೆ ಸರಿದ. "ಅನ್ವರಣ್ಣ, ಇದು ಮಾಟ. ನನ್ನ ಗಾಡಿ ಓಟ ನೋಡಿ ಹೊಟ್ಟೆ ಉರ್ಕೊಂಡು ಯಾರೋ ಇಕ್ಕವ್ರೆ."

ಸೀಟಿನಲ್ಲಿದ್ದ ಅವ್ವ ಎಲೆಅಡಿಕೆ ಅಗಿಯುತ್ತಲೇ ಹೇಳಿದಳು:

"ಅದು ನಿಂಬೆಹಣ್ಣು ಕಣ್ಲಾ. ಬಂಪರಿಗೆ ಕಟ್ಟುದ್ರೆ ನೀನು ಕಿತ್ತಾಕ್ತೀಯ ಅಂತ ನಾನೇ ಒಳಿಕ್ಕೆ ತುರುಕ್ದೆ."